ಟ್ಯಾಂಕ್ ಒಡೆದ ಆನೆ

(ಮಡಿಕೇರಿಯಲ್ಲಿ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರಿಗೂ, ಈ ಮಳೆಯಲ್ಲಿ ಸೋಮವಾರಪೇಟೆಯಿಂದಲೂ ವಿರಾಜಪೇಟೆಯಿಂದಲೂ ಬಂದು ಕುಳಿತಿರುವ ಶಿಕ್ಷಕ ಮಿತ್ರರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಬಡಿಯುತ್ತಿದೆ. ಹಿಂದಿನ ಸಾಲಿಗೆ ಕೇಳದಿದ್ದರೆ ಕೈ ಎತ್ತಿ, ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ. ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಭಾಷಣಕ್ಕೆ ಒಪ್ಪಿಕೊಂಡವರು ಗಂಟಲನ್ನು ಸಿದ್ಧಮಾಡಿಕೊಂಡೇ ಬರಬೇಕು.

ನನಗೆ ಕೊಟ್ಟ ವಿಷಯ ರಿಲೇಟಿವ್ ಕ್ಲಾಸ್, ಅಂದರೆ ಒಂದು ನಾಮಪದವನ್ನು ವಿವರಿಸುವ ಉಪವಾಕ್ಯ. ‘ಹೂ, ವಿಚ್, ದಟ್ ಬಳಸಿ ಎರಡು ವಾಕ್ಯಗಳನ್ನು ಸೇರಿಸಿ’ ಎಂಬ ಪ್ರಶ್ನೆಗೆ ನಾವೆಲ್ಲ ಉತ್ತರ ಬರೆದೇ ಬಂದವರು, ಈಗ ಬರೆಸುತ್ತಿರುವವರು. ಅದರ ವಿವರಣೆ ನಿಮಗೆ ಬೇಕಿಲ್ಲ. ನಾನು ಬಂದಿರುವುದು ಒಂದು ಮಾತು ಹೇಳಲು. ಈ ಪಾಠವನ್ನು ಇಂಗ್ಲಿಷಿನ ‘ಹೂ’ದಿಂದ ಶುರುಮಾಡಬಾರದು, ಕನ್ನಡದ ಕೃದಂತನಾಮದಿಂದ, ಅಂದರೆ ‘ಒಡೆದ’, ‘ಬಂದ’ ಎಂಬಂಥ ರೂಪಗಳಿಂದ ಶುರುಮಾಡಬೇಕು.

ಇದನ್ನು ನನಗೆ ಕಲಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ದಕ್ಷಿಣ ಕೊಡಗಿನ ಒಂದು ಶಾಲೆ, ನಾನು ಕೆಲಸಕ್ಕೆ ಸೇರಿದ ಹೊಸತು. ಅವಳ ತಂದೆ ತಾಯಿ ಕಾಫಿ ತೋಟದ ಕೆಲಸದವರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿದ್ದವರು, ಮನೆಯ ಮಾತು ತಮಿಳು. ಎರಡು ದಿನ ಶಾಲೆಗೆ ಬಾರದೆ ಮೂರನೆಯ ದಿನ ರಜೆಯ ಚೀಟಿ ತಂದಳು. ಕನ್ನಡದಲ್ಲಿ ಬರೆದರೆ ಸಾಕಿತ್ತು. ಇಂಗ್ಲಿಷ್ ಮೇಷ್ಟರಿಗೆ ಕೊಡುವ ಚೀಟಿ ಎಂದು ಇಂಗ್ಲಿಷಿನಲ್ಲೇ ಬರೆದಿದ್ದಳು. ಲೈನಿಗೆ ಆನೆ ಬಂದಿತ್ತು, ನೀರಿನ ಟ್ಯಾಂಕ್ ಒಡೆದಿತ್ತು, ಮರುದಿನವೂ ಬಂದು ದಾರಿಯಲ್ಲೇ ನಿಂತಿತ್ತು. ಅಷ್ಟು ವಿಷಯ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಟ್ಯಾಂಕ್ ಬ್ರೋಕ್ ಎಲಿಫೆಂಟ್ ಅಗೇನ್ ಕೇಮ್.’

ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ಟ್ಯಾಂಕೇ ಆನೆಯನ್ನು ಒಡೆದುಹಾಕಿತೇ ಎಂದು ಕೇಳಿದೆ. ತರಗತಿ ನಕ್ಕಿತು. ಆ ಹುಡುಗಿ ತಲೆ ತಗ್ಗಿಸಲಿಲ್ಲ. ಎಡಗೈ ಎತ್ತಿ ಮೂರು ಬೆರಳು ಬಿಡಿಸಿದಳು. ಒಂದೊಂದೇ ಬೆರಳು ಮುಟ್ಟುತ್ತಾ, ‘ಸರ್, ಟ್ಯಾಂಕ್, ಒಡೆದ, ಆನೆ. ಟ್ಯಾಂಕ್, ಬ್ರೋಕ್, ಎಲಿಫೆಂಟ್. ಯಾವುದು ತಪ್ಪು ಹೇಳಿ’ ಎಂದಳು. ಹಟದಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಮೂರು ಪದಗಳೂ ಸರಿ ಇದ್ದವು, ‘ಒಡೆದ’ ಎಂಬುದಕ್ಕೆ ‘ಬ್ರೋಕ್’ ಎಂದು ನಾನೇ ಬರೆಸಿದ್ದೆ. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ‘ದಟ್ ಹಾಕಬೇಕು’ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಹೇಳಲು ಬರುತ್ತಿರಲಿಲ್ಲ.

ಈಗ ಹೇಳುತ್ತೇನೆ. ನಮ್ಮಲ್ಲಿ ಕಥೆ ಮೊದಲು, ಹೆಸರು ಆಮೇಲೆ. ಇಂಗ್ಲಿಷಿನಲ್ಲಿ ಹೆಸರು ಮೊದಲು, ಕಥೆ ಆಮೇಲೆ. ‘ಟ್ಯಾಂಕ್ ಒಡೆದ’ ಎನ್ನುವಾಗ ಕೇಳುವವರು ಕಾಯುತ್ತಾರೆ, ‘ಆನೆ’ ಎಂದಾಗ ಒಡೆದದ್ದು ಯಾರೆಂದು ತಿಳಿಯುತ್ತದೆ. ‘ಒಡೆದ’ ಎಂಬ ರೂಪವೇ ಮುಂದೊಂದು ಹೆಸರು ಬರಲಿದೆ ಎಂದು ಹೇಳುತ್ತದೆ. ‘ಬ್ರೋಕ್’ಗೆ ಆ ಶಕ್ತಿ ಇಲ್ಲ. ಅದು ವಾಕ್ಯವನ್ನು ಅಲ್ಲೇ ಮುಗಿಸುವ ಕ್ರಿಯಾಪದ, ಹಿಂದೆ ನಿಂತವನನ್ನು ಕರ್ತೃವೆಂದೂ ಮುಂದೆ ನಿಂತವನನ್ನು ಕರ್ಮವೆಂದೂ ಹಿಡಿದುಬಿಡುತ್ತದೆ. ಹಾಗಾಗಿ ಟ್ಯಾಂಕ್ ಆನೆಯನ್ನು ಒಡೆಯಿತು. ಮೊದಲು ಆನೆಯನ್ನು ತಂದು ನಿಲ್ಲಿಸಿ, ‘ದಟ್’ ಎಂಬ ಕೊಂಡಿ ಹಾಕಿ, ಆಮೇಲೆ ಟ್ಯಾಂಕ್ ಒಡೆಸಬೇಕು: ‘ದಿ ಎಲಿಫೆಂಟ್ ದಟ್ ಬ್ರೋಕ್ ದ ಟ್ಯಾಂಕ್’. ಬೆರಳುಗಳನ್ನು ಹಿಂದುಮುಂದು ಮಾಡಿ ತೋರಿಸಿದರೆ ಮೂರು ನಿಮಿಷದ ಪಾಠ.

ನಮ್ಮ ಜಿಲ್ಲೆಯ ಒಂದು ತರಗತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದು ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಪಕ್ಕದಲ್ಲಿ ಮಲಯಾಳ, ಹಿಂದೆ ಯರವ, ತುಳು, ತಮಿಳು. ಇಷ್ಟು ಮಾತುಗಳಿದ್ದರೆ ಪಾಠ ಹೇಗೆ ಎಂದು ನಾವು ಗೋಳಾಡುತ್ತೇವೆ. ಈ ಒಂದು ವಿಷಯದಲ್ಲಿ ಇವೆಲ್ಲವೂ ಒಂದೇ. ಎಲ್ಲದರಲ್ಲೂ ಕಥೆ ಮೊದಲು, ಹೆಸರು ಆಮೇಲೆ. 1867ರಲ್ಲಿ ಕೋಲ್ ಎಂಬ ಅಧಿಕಾರಿ ಕೊಡವ ಭಾಷೆಗೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದರು. ಇಲ್ಲಿನ ಮಾತು ಕಲಿಯಲು ಹೊರಟ ಆಂಗ್ಲರೂ ಇದೇ ಸೇತುವೆಯನ್ನು ಆ ಕಡೆಯಿಂದ ದಾಟಬೇಕಿತ್ತು. ಅವರಿಗೆ ಯಾರೂ ನಗಲಿಲ್ಲ, ವ್ಯಾಕರಣ ಬರೆದುಕೊಟ್ಟರು. ನಮ್ಮ ಮಕ್ಕಳಿಗೂ ಅಷ್ಟು ಸಲ್ಲಬೇಕು.

ಇನ್ನೊಂದು ಕಷ್ಟ ಇದಕ್ಕಿಂತ ಆಳವಾದದ್ದು. ತೋಟದಲ್ಲಿ ಸಿಲ್ವರ್ ಓಕ್ ಕಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಮರ ಕಡಿದ ಆಳು. ಮರ ಕಡಿದ ಕೊಡಲಿ. ಮರ ಕಡಿದ ಜಾಗ. ಮರ ಕಡಿದ ದಿನ. ಮರ ಕಡಿದ ಕೂಲಿ. ಮರ ಕಡಿದ ಸದ್ದು. ‘ಕಡಿದ’ ಒಂದೇ ಪದ, ಸಂಬಂಧ ಆರು. ಆಳು ಕಡಿದವನು, ಕೊಡಲಿ ಕಡಿಯಲು ಹಿಡಿದದ್ದು, ಕೂಲಿ ಕಡಿದದ್ದಕ್ಕೆ ಸಿಕ್ಕಿದ್ದು. ಕನ್ನಡ ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ, ಕೇಳುವವರ ಲೋಕಜ್ಞಾನಕ್ಕೆ ಬಿಡುತ್ತದೆ. ಈ ಸೊಗಸನ್ನು ನೆನೆದಾಗಲೆಲ್ಲ ನನಗೆ ನಮ್ಮ ಭಾಷೆಯ ಮೇಲೆ ಹೊಸದಾಗಿ ಪ್ರೀತಿ ಹುಟ್ಟುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಆಳಿಗೆ ‘ಹೂ’, ಕೊಡಲಿಗೆ ‘ವಿತ್ ವಿಚ್’, ಜಾಗಕ್ಕೆ ‘ವೇರ್’, ದಿನಕ್ಕೆ ‘ವೆನ್’ ಅಥವಾ ‘ಆನ್ ವಿಚ್’. ಸದ್ದಿನ ಹತ್ತಿರ ಬಂದರೆ ಈ ಯಾವುದೂ ನಡೆಯುವುದಿಲ್ಲ, ‘ದ ಸೌಂಡ್ ಆಫ್’ ಎಂದು ಬೇರೆ ದಾರಿಯನ್ನೇ ಹಿಡಿಯಬೇಕು.

ಆದ್ದರಿಂದ ಮಕ್ಕಳು ತಪ್ಪುವುದು ‘ಹೂ’ ಮತ್ತು ‘ವಿಚ್’ ನಡುವೆ ಅಲ್ಲ, ‘ವಿತ್’, ‘ಇನ್’, ‘ಆನ್’ ಎಂಬ ಪುಟ್ಟ ಪದಗಳಲ್ಲಿ. ‘ದಿ ಆಕ್ಸ್ ಹಿ ಕಟ್ ದ ಟ್ರೀ’ ಎಂದು ನಿಲ್ಲಿಸುತ್ತಾರೆ. ಕೊನೆಯ ‘ವಿತ್’ ಇಲ್ಲ, ಯಾಕೆಂದರೆ ‘ಮರ ಕಡಿದ ಕೊಡಲಿ’ಯಲ್ಲೂ ‘ಇಂದ’ ಇಲ್ಲ. ಭಾಷಾವಿಜ್ಞಾನಿಗಳಾದ ಕೀನನ್ ಮತ್ತು ಕಾಮ್ರಿ 1977ರಲ್ಲಿ ಸುಮಾರು ಐವತ್ತು ಭಾಷೆಗಳನ್ನು ಹೋಲಿಸಿ ಒಂದು ಏಣಿ ತೋರಿಸಿದರು. ಕರ್ತೃವಿಗೆ ಉಪವಾಕ್ಯ ಕಟ್ಟುವುದು ಎಲ್ಲಕ್ಕಿಂತ ಸುಲಭ, ಆಮೇಲೆ ಕರ್ಮ, ಇಂಥ ‘ಕೊಡಲಿ’ಗಳು ಇನ್ನೂ ಕೆಳಗೆ. ಪಾಠವೂ ಅದೇ ಕ್ರಮದಲ್ಲಿ ಇಳಿಯಲಿ. ಮೊದಲು ಆನೆ, ಆಮೇಲೆ ಕೊಡಲಿ.

ಮಾತು ಮತ್ತು ಬರಹಕ್ಕೆ ಬರುತ್ತೇನೆ. ಇಂಗ್ಲಿಷ್ ಮನೆಮಾತಿನವರು ಮಾತಿನಲ್ಲಿ ‘ದ ಹೌಸ್ ಐ ಲಿವ್ ಇನ್’ ಎನ್ನುತ್ತಾರೆ. ಬರೆಯುವಾಗ, ಅದೂ ಅರ್ಜಿ, ಪ್ರಬಂಧ ಬರೆಯುವಾಗ, ‘ದ ಹೌಸ್ ಇನ್ ವಿಚ್ ಐ ಲಿವ್’ ಆಗುತ್ತದೆ. ‘ಹೂಮ್’ ಮಾತಿನಲ್ಲಿ ಕಿವಿಗೆ ಬೀಳುವುದೇ ಅಪರೂಪ. ‘ಇನ್’ ಅನ್ನು ಕೊನೆಗೆ ಬಿಡುವುದು ತಪ್ಪೆಂದು ನಮಗೆ ಹೇಳಿಕೊಟ್ಟಿದ್ದಾರೆ, ನಾವೂ ಹೇಳಿಕೊಡುತ್ತೇವೆ. 1672ರಲ್ಲಿ ಡ್ರೈಡನ್ ಎಂಬ ಕವಿ ಬೆನ್ ಜಾನ್ಸನ್‌ನ ವಾಕ್ಯಗಳಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ. 1762ರಲ್ಲಿ ವ್ಯಾಕರಣ ಬರೆದ ಲೌತ್ ಇದು ಮಾತಿನಲ್ಲಿ ಎಲ್ಲೆಡೆ ಇದೆ, ಸಲಿಗೆಯ ಬರಹಕ್ಕೂ ಒಗ್ಗುತ್ತದೆ, ಗಂಭೀರ ಬರಹಕ್ಕೆ ಮಾತ್ರ ಇನ್ನೊಂದು ಚೆನ್ನ ಎಂದ. ಶಾಲೆಗಳು ಲೌತ್‌ನ ವಿವೇಕವನ್ನು ಬಿಟ್ಟು ಡ್ರೈಡನ್‌ನ ಸಿಟ್ಟನ್ನು ಹಿಡಿದುಕೊಂಡವು. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಮಾತು. ‘ಐ ಲಿವ್ ಇನ್’ ಅನ್ನೇ ಮೊದಲು ಕಲಿಸಿ. ‘ಇನ್’ ತನ್ನ ಜಾಗದಲ್ಲೇ ಕೂತಿರುತ್ತದೆ, ಮರೆತುಹೋಗುವುದಿಲ್ಲ.

ಇನ್ನೂ ಒಂದು ಸಂಗತಿ. ಸಾಮಾನ್ಯ ಸಂಭಾಷಣೆಯಲ್ಲಿ ರಿಲೇಟಿವ್ ಕ್ಲಾಸ್‌ಗಳು ಬರಹಕ್ಕಿಂತ ಕಡಿಮೆ. ಡಗ್ಲಸ್ ಬೈಬರ್ ಮತ್ತು ಸಂಗಡಿಗರು ಸುಮಾರು ನಾಲ್ಕು ಕೋಟಿ ಪದಗಳ ಮಾತು, ಬರಹಗಳನ್ನು ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇದು ಕಾಣುತ್ತದೆ. ಮಾತಾಡುವಾಗ ಜನ ಮಾತನ್ನು ತುಂಡು ಮಾಡಿಕೊಳ್ಳುತ್ತಾರೆ. ನಾವೂ ಅಷ್ಟೇ. ‘ನಿನ್ನೆ ಕಾಳುಮೆಣಸು ಕೇಳಿಕೊಂಡು ಬಂದ ವ್ಯಾಪಾರಿ’ ಎಂದು ಅಂಗಳದಲ್ಲಿ ನಿಂತು ಯಾರು ಹೇಳುತ್ತಾರೆ? ‘ನಿನ್ನೆ ಒಬ್ಬರು ಬಂದಿದ್ದರಲ್ಲ, ಕಾಳುಮೆಣಸು ಕೇಳಿಕೊಂಡು, ಅವರು’ ಎನ್ನುತ್ತೇವೆ. ಆ ‘ಅಲ್ಲ’ ಇದೆಯಲ್ಲ, ಅದೇ ನಮ್ಮ ಮಾತಿನ ರಿಲೇಟಿವ್ ಕ್ಲಾಸ್. ಯಾವ ಪಠ್ಯದಲ್ಲೂ ನನಗೆ ಅದು ಸಿಕ್ಕಿಲ್ಲ. ದಿನಕ್ಕೆ ನೂರು ಸಲ ಬಾಯಲ್ಲಿದೆ.

ಹತ್ತು ನಿಮಿಷ ಎಂದು ಚೀಟಿ ಬಂದಿದೆ. ‘ಎಂಬ’ದ ಬಗ್ಗೆ ಹೇಳದೆ ಇಳಿಯಲಾರೆ. ‘ಅವನು ತಂದ ಸುದ್ದಿ’, ‘ಅವನು ಗೆದ್ದನೆಂಬ ಸುದ್ದಿ’. ಮೊದಲನೆಯದರಲ್ಲಿ ಸುದ್ದಿಯನ್ನು ತಂದ, ಎರಡನೆಯದರಲ್ಲಿ ಗೆದ್ದದ್ದೇ ಸುದ್ದಿ. ಇಂಗ್ಲಿಷಿನಲ್ಲಿ ಎರಡಕ್ಕೂ ‘ದ ನ್ಯೂಸ್ ದಟ್’. ಮಗು ತಬ್ಬಿಬ್ಬಾಗುತ್ತದೆ. ಕನ್ನಡಕ್ಕೆ ತಿರುಗಿಸಿ ನೋಡಲು ಹೇಳಿ. ‘ಎಂಬ’ ಬಂದರೆ ಅಲ್ಲಿ ‘ವಿಚ್’ ಹಾಕುವಂತಿಲ್ಲ. ‘ಎಂಬ’ ಬಾರದಿದ್ದರೆ ಹಾಕಬಹುದು. ‘ಎಂಬ’ ಕೂಡ ‘ಎನ್ನು’ ಧಾತುವಿನ ಕೃದಂತನಾಮವೇ. ನಾನು ಬಂದ ದಾರಿಗೇ ಮತ್ತೆ ಬಂದೆ, ಕ್ಷಮಿಸಿ, ಈ ದಾರಿ ಬಿಟ್ಟು ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಕಾಮಾ. ಇಲ್ಲಿ ಇಂಗ್ಲಿಷ್ ನಮಗಿಂತ ಮುಂದೆ. ‘ನೆನೆದಿದ್ದ ಕಾಫಿ ಮೂಟೆಗಳನ್ನು ವಾಪಸು ಕಳಿಸಿದರು’ ಎಂದರೆ ಎಲ್ಲ ಮೂಟೆಗಳೂ ನೆನೆದಿದ್ದವೋ, ನೆನೆದವನ್ನಷ್ಟೇ ಆರಿಸಿ ಕಳಿಸಿದರೋ? ಕನ್ನಡದ ವಾಕ್ಯ ಹೇಳುವುದಿಲ್ಲ. ಇಂಗ್ಲಿಷ್ ಬರಹದಲ್ಲಿ ‘ವಿಚ್’ ಹಿಂದೆಯೂ ಉಪವಾಕ್ಯದ ಕೊನೆಗೂ ಕಾಮಾ ಇದ್ದರೆ ಎಲ್ಲ ಮೂಟೆಗಳೂ, ಇಲ್ಲದಿದ್ದರೆ ನೆನೆದವು ಮಾತ್ರ. ಬೆಳೆಗಾರರಿಗೆ ಆ ಎರಡು ಕಾಮಾಗಳ ಬೆಲೆ ಎಷ್ಟೆಂದು ಇಲ್ಲಿ ವಿವರಿಸಬೇಕಾಗಿಲ್ಲ. ಮಾತಿನಲ್ಲಿ ಆ ಕೆಲಸವನ್ನು ದನಿ ಮಾಡುತ್ತದೆ, ಒಂದು ಸಣ್ಣ ತಡೆ. ಈ ಮಳೆಯಲ್ಲಿ ಅದನ್ನು ಮಾಡಿ ತೋರಿಸಿದರೂ ನಿಮಗೆ ಕೇಳಿಸದು.

ಕಾಮಾ ಇಲ್ಲದ ಕಡೆ ‘ದಟ್’, ಕಾಮಾ ಇರುವ ಕಡೆ ‘ವಿಚ್’ ಎಂಬ ಹಂಚಿಕೆಯ ಬಗ್ಗೆ ಬರೆದುಕೊಂಡು ಬಂದಿದ್ದೆ. 1926ರಲ್ಲಿ ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್ ಕೊಟ್ಟ ಸಲಹೆ ಅದು, ಒಳ್ಳೆಯ ಬರಹಗಾರರೇ ಅದನ್ನು ಪಾಲಿಸುತ್ತಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಅದಕ್ಕಾಗಿ ಮಕ್ಕಳ ಅಂಕ ಕಳೆಯಬೇಡಿ. ‘ಹೂಸ್’ ವಿಚಾರ ಇವತ್ತು ಆಗುವುದಿಲ್ಲ.

ಮಕ್ಕಳ ನೋಟ್‌ಬುಕ್ ತನ್ನಿ ಎಂದು ಕೇಳಿಕೊಂಡಿದ್ದೆ, ಕೆಲವರು ಚೀಲದಲ್ಲಿ ತಂದಿರುವುದು ಕಾಣುತ್ತಿದೆ. ಕಾಫಿ ಕುಡಿದ ಮೇಲೆ ಆ ಕಿಟಕಿ ಪಕ್ಕದ ಮೇಜಿನ ಹತ್ತಿರ ಬನ್ನಿ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ವಾಕ್ಯಗಳನ್ನೇ ಮೊದಲು ತೆಗೆಯೋಣ. ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿ ಓದೋಣ.