ಹಿಂದೆ ಸರಿಯುವ ಕುದುರೆಯ ಮುಂದೆ

ಕೇಳುಗರೆಲ್ಲರಿಗೂ ನಮಸ್ಕಾರ.

1904ರಲ್ಲಿ ಬರ್ಲಿನ್ ನಗರದ ವಿದ್ವಾಂಸರು ಒಂದು ಕುದುರೆಯ ಸುತ್ತ ನೆರೆದಿದ್ದರು. ಗಣಿತದ ಶಿಕ್ಷಕರಾಗಿದ್ದ ವಿಲ್ಹೆಲ್ಮ್ ಫಾನ್ ಓಸ್ಟನ್ ಸಾಕಿದ್ದ ಹಾನ್ಸ್ ಎಂಬ ಆ ಕುದುರೆ, ಕೂಡುವ ಕಳೆಯುವ ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಸರಿಯುತ್ತರ ಕೊಡುತ್ತಿತ್ತು. ಮೋಸವೇನೂ ಕಾಣಲಿಲ್ಲ. ಕೊನೆಗೆ ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕರು ತಾಳ್ಮೆಯಿಂದ ಪರೀಕ್ಷಿಸಿ, ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ಸೋಲುತ್ತದೆ ಎಂಬುದನ್ನು ತೋರಿಸಿಕೊಟ್ಟರು. ತಟ್ಟುವ ಎಣಿಕೆ ಉತ್ತರಕ್ಕೆ ಬಂದೊಡನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದಂತೆ ಕೊಂಚ ಮೇಲೇಳುತ್ತಿತ್ತು. ಅದನ್ನು ಕಂಡು ಕುದುರೆ ಕಾಲು ನಿಲ್ಲಿಸುತ್ತಿತ್ತು. ಕುದುರೆಗೆ ಲೆಕ್ಕ ಬಾರದೆಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸುವುದು ವಾಡಿಕೆ. ನನಗೆ ದೊಡ್ಡದಾಗಿ ಕಾಣುವುದು ಅದು ಮನುಷ್ಯನ ಮೈಯನ್ನು ಓದಿದ ಬಗೆ. ಹತ್ತಿರ ಬರಲೊಲ್ಲದ ಕುದುರೆಯೊಂದನ್ನು ಒಲಿಸಿಕೊಳ್ಳಬೇಕಾದವರು ತಮ್ಮ ಹೆಗಲು, ಕಣ್ಣು, ಉಸಿರು, ಹೆಜ್ಜೆಗಳೆಲ್ಲವೂ ಅದಕ್ಕೆ ಆಗಲೇ ಮಾತಾಡುತ್ತಿವೆ ಎಂದು ತಿಳಿದೇ ಲಾಯದೊಳಗೆ ಕಾಲಿಡಬೇಕು.

ಮೊದಲು ಒಂದು ಎಚ್ಚರಿಕೆ. ನಿನ್ನೆಯವರೆಗೆ ಸರಿಯಿದ್ದ ಕುದುರೆ ಇದ್ದಕ್ಕಿದ್ದಂತೆ ಮುಖ ತಿರುಗಿಸತೊಡಗಿದರೆ ಅದರ ಬೆನ್ನು, ಹಲ್ಲು, ಗೊರಸುಗಳನ್ನು ಪಶುವೈದ್ಯರಿಗೆ ತೋರಿಸಬೇಕು. ನೋವಿರುವ ಪ್ರಾಣಿಗೆ ಪಾಠ ಹೇಳುವುದು ಅನ್ಯಾಯ.

ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಳತೆ ಕಾಣುತ್ತದೆ. ಕಾಣದಿರುವುದು ಬೆನ್ನ ಹಿಂದಿನ ಒಂದು ಪಟ್ಟಿ ಮತ್ತು ಹಣೆಯ ತೀರ ಮುಂದಿನ ಒಂದಿಷ್ಟು ಜಾಗ. ಅಧಿಕಾರಿಯ ಮುಂದೆ, ಕುದುರೆಯ ಹಿಂದೆ ಹೋಗಬಾರದೆಂಬ ಮಾತಿನ ಎರಡನೆಯ ಅರ್ಧಕ್ಕೆ ಹೀಗೆ ಕಣ್ಣಿನ ರಚನೆಯೇ ಆಧಾರವಾಗಿದೆ. ಆದ್ದರಿಂದ ಅದರ ಮುಂಭುಜದ ಕಡೆಗೆ, ಓರೆಯಾಗಿ, ತುಸು ಬಳಸು ದಾರಿಯಲ್ಲಿ ನಡೆದು ಹೋಗಬೇಕು. ಎದೆಯುಬ್ಬಿಸಿ, ದೃಷ್ಟಿ ನೆಟ್ಟು, ಕೈ ಚಾಚಿಕೊಂಡು ನೇರವಾಗಿ ಬರುವವನು ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿಗೆ ಬೇಟೆಗಾರನಂತೆಯೇ ಕಾಣುತ್ತಾನೆ. ಮುಖಭಾವವೂ ಲೆಕ್ಕಕ್ಕೆ ಬರುತ್ತದೆ: 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 28 ಕುದುರೆಗಳಿಗೆ ಮನುಷ್ಯರ ಮುಖದ ಚಿತ್ರಗಳನ್ನು ತೋರಿಸಿದಾಗ, ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಹೆಚ್ಚು ಬೇಗ ಏರಿತು.

ಇನ್ನು ಕೆಲಸದ ತಿರುಳು. ನೀವು ಹತ್ತಿರವಾಗುತ್ತಿರುವಾಗ, ಕುದುರೆ ಓಡಿಹೋಗುವುದಕ್ಕೆ ಮೊದಲು ಒಂದು ಸಣ್ಣ ಗಳಿಗೆಯಿರುತ್ತದೆ. ತಲೆ ಎತ್ತರವಾಗುತ್ತದೆ, ತುಟಿ ಬಿಗಿಯುತ್ತದೆ, ಒಂದು ಕಿವಿ ನಿಮ್ಮ ಕಡೆಗೆ ತಿರುಗಿ ಅಲ್ಲೇ ನೆಟ್ಟುಕೊಳ್ಳುತ್ತದೆ. ಆ ಗಳಿಗೆಯಲ್ಲೇ ನಿಲ್ಲಬೇಕು. ಕುದುರೆಯ ತಲೆ ಕೊಂಚ ಇಳಿದಾಗ, ಅಥವಾ ಅದು ಕಣ್ಣು ಮಿಟುಕಿಸಿದಾಗ, ನೀವೇ ಮೈ ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿಯಬೇಕು. ನೋಡುವವರಿಗೆ ಇದು ಸೋತಂತೆ ಕಾಣಬಹುದು. ಕುದುರೆ ಕಲಿಯುವುದು ಮಾತ್ರ ಇಲ್ಲಿಯೇ. ಒತ್ತಡ ಎಚ್ಚರಿಸುತ್ತದೆ, ಒತ್ತಡ ಸಡಿಲಿದ ಕ್ಷಣ ಕಲಿಸುತ್ತದೆ. ಸಡಿಲಿಸುವುದು ತಡವಾದರೆ ಕುದುರೆ ಬೇರೆಯದೇ ಪಾಠ ಕಲಿತಿರುತ್ತದೆ. ಓಡತೊಡಗಿದ ಮೇಲೆ ನೀವು ನಿಂತರೆ, ಓಡುವುದೇ ಉಪಾಯವೆಂದು ಅದು ತಿಳಿಯುತ್ತದೆ.

ಅಮೆರಿಕದ ಕುದುರೆ ತರಬೇತುದಾರ ಮಾಂಟಿ ರಾಬರ್ಟ್ಸ್ ಅವರಿಂದ ಹೆಸರಾದ ಒಂದು ಕ್ರಮದಲ್ಲಿ, ದುಂಡನೆಯ ಅಂಗಳದೊಳಗೆ ಕುದುರೆಯನ್ನು ಮೊದಲು ದೂರ ಓಡಿಸಿ, ಅದು ಗಮನ ಕೊಟ್ಟಾಗ ಮೈ ತಿರುಗಿಸಿ ನಿಂತು ಹತ್ತಿರ ಬರಗೊಡುತ್ತಾರೆ. ಕುದುರೆ ಮನುಷ್ಯನನ್ನು ತನ್ನ ಹಿಂಡಿನ ನಾಯಕನೆಂದು ಒಪ್ಪಿತು ಎಂದು ಇದನ್ನು ವಿವರಿಸುವವರಿದ್ದಾರೆ. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಬದಲು ದೂರದಿಂದ ನಡೆಸುವ ಆಟಿಕೆ ಕಾರೊಂದನ್ನು ಬಳಸಿ ನೋಡಿದರು. ಕುದುರೆಗಳು ಆ ಕಾರಿನತ್ತ ತಿರುಗುವುದನ್ನೂ ಕಲಿತವು. ಆಟಿಕೆ ಕಾರನ್ನು ಯಾವ ಕುದುರೆಯೂ ನಾಯಕನೆಂದು ಒಪ್ಪಿಕೊಂಡಿರಲಾರದು. ಅಟ್ಟುವುದನ್ನು ನಿಲ್ಲಿಸಿದ್ದೇ ಕುದುರೆಗೆ ಸಿಕ್ಕ ಬಹುಮಾನ. ಹೀಗಾಗಿ ಅಂಜುವ ಕುದುರೆಯನ್ನು ಬೆವರಿಳಿಯುವವರೆಗೆ ಓಡಿಸಿ, ಅದು ಬಳಲಿ ನಿಂತದ್ದನ್ನು ನಂಬಿಕೆಯೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಬಾಯಿ ಚಪ್ಪರಿಸುವುದನ್ನೂ ಶರಣಾಗತಿಯ ಗುರುತೆಂದು ಸಂಭ್ರಮಿಸುವವರುಂಟು. ಬಿಗಿದಿದ್ದ ಮೈ ಸಡಿಲಾಗುವಾಗ ಕುದುರೆ ಹಾಗೆ ಮಾಡುತ್ತದೆ, ಅಂದರೆ ಅದಕ್ಕೂ ಮೊದಲು ಅದು ಬಿಗಿದುಕೊಂಡಿತ್ತು ಎಂಬುದೂ ಅಲ್ಲಿಯೇ ಇದೆ.

ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆಗಳ ಜೊತೆಗೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳಿಗೂ ಫಿರಂಗಿ ಸದ್ದಿನ ತಾಲೀಮು ನಡೆಯುವುದನ್ನು ನೀವು ಬಲ್ಲಿರಿ. ಅದನ್ನು ಒಂದೇ ಸಲಕ್ಕೆ ಮುಗಿಸುವುದಿಲ್ಲ, ಮತ್ತೆ ಮತ್ತೆ ನಡೆಸುತ್ತಾರೆ. ಹಗ್ಗಕ್ಕೆ ಹೆದರುವ ಕುದುರೆಗೂ ಅದೇ ದಾರಿ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ, ಕತ್ತು ಬೆನ್ನಿಗೆ ಕೂಡುವ ಉಬ್ಬಿನ ಬಳಿ ಬೆರಳುಗಳಿಂದ ಉಜ್ಜಿದರೆ ಅವುಗಳ ಎದೆಬಡಿತ ಇಳಿಯುತ್ತದೆ. ಮೂತಿ ತಟ್ಟುವುದಕ್ಕಿಂತ ಇದು ಮೇಲು. ಹಗ್ಗವನ್ನು ಮೊದಲ ದಿನಗಳಲ್ಲಿ ತೋಳಿನ ಮೇಲೆ ಸುಮ್ಮನೆ ಹಾಕಿಕೊಂಡು ಹೋಗಿ, ಉಜ್ಜಿ, ಹಿಂತಿರುಗಬೇಕು. ಕತ್ತಿನ ಮೇಲೆ ಹಗ್ಗವಿಟ್ಟ ದಿನ, ಕುದುರೆ ಉಸಿರು ಬಿಟ್ಟು ತಲೆ ತಗ್ಗಿಸಿದೊಡನೆ ಹಗ್ಗವನ್ನು ತೆಗೆದು, ಅಂದಿನ ಕೆಲಸವನ್ನು ಅಷ್ಟಕ್ಕೇ ನಿಲ್ಲಿಸಿ ಹುಲ್ಲಿನ ಬಳಿಗೆ ಅದನ್ನು ಬಿಟ್ಟುಬಿಡಬೇಕು.

ನಮಸ್ಕಾರ.