ಕೇಳಿದ್ದಕ್ಕೆಲ್ಲ ಉತ್ತರ ಕೊಡೋ ಡೇಟಾಬೇಸ್: ಕಾಯೋದು ಹೇಗೆ?

[ಪರದೆ: ಖಾಲಿ ಲಾಗಿನ್ ಪುಟ, ಮಿನುಗೋ ಕರ್ಸರ್]

ನಮಸ್ಕಾರ. ಈ ಲಾಗಿನ್ ಬಾಕ್ಸ್ ನೋಡಿ. ಹೆಸರು, ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದ ಕೂಡಲೇ ಹಿಂದುಗಡೆ ಒಂದು ಪ್ರಶ್ನೆ ಹೊರಡುತ್ತೆ. ಉತ್ತರ ಕೊಡೋದು ಡೇಟಾಬೇಸ್. ಕೇಳ್ತಿರೋರು ಯಾರು, ಯಾಕೆ ಕೇಳ್ತಿದ್ದಾರೆ ಅಂತ ಅದು ತಲೆ ಕೆಡಿಸ್ಕೊಳ್ಳಲ್ಲ. ಪ್ರಶ್ನೆಯ ವ್ಯಾಕರಣ ಸರಿಯಿದ್ದು, ಕೇಳಿದ ಖಾತೆಗೆ ಅನುಮತಿ ಇದ್ರೆ ಸಾಕು, ಕೊಟ್ಟುಬಿಡುತ್ತೆ. ಎಷ್ಟೋ ದೊಡ್ಡ ಡೇಟಾ ಕಳ್ಳತನಗಳಲ್ಲಿ ಕಳ್ಳರು ಬೀಗ ಒಡೆದೇ ಇಲ್ಲ. ಕೇಳಿದ್ದಾರೆ, ಸಿಕ್ಕಿದೆ.

[ಪರದೆ: ಸಾಲು, ಕಾಲಂ ಇರೋ ಟೇಬಲ್]

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದ್ರು. ಮಾಹಿತಿಯನ್ನ ಟೇಬಲ್‌ಗಳಲ್ಲಿ ಇಡೋಣ, ಅದು ಡಿಸ್ಕ್‌ನಲ್ಲಿ ಎಲ್ಲಿ ಕೂತಿದೆ ಅನ್ನೋ ಚಿಂತೆ ಬಳಸೋರಿಗೆ ಬೇಡ ಅನ್ನೋದು ಅದರ ತಿರುಳು. ಟೇಬಲ್‌ಗಳನ್ನ ಪ್ರಶ್ನಿಸೋ ಭಾಷೆ ಎಸ್‌ಕ್ಯೂಎಲ್ ಹುಟ್ಟಿದ್ದೂ ಐಬಿಎಂನಲ್ಲೇ. ಇವತ್ತು ಬ್ಯಾಂಕು, ಆಸ್ಪತ್ರೆ, ಟಿಕೆಟ್ ಬುಕಿಂಗ್ ಎಲ್ಲಾ ನಡೀತಿರೋದು ಹೆಚ್ಚಾಗಿ ಇದರ ಮೇಲೆ. ಸಂಸ್ಥೆಗಳು ಇದನ್ನ ನಂಬೋಕೆ ದೊಡ್ಡ ಕಾರಣ ಟ್ರಾನ್ಸಾಕ್ಷನ್. ಒಂದು ಖಾತೆಯಿಂದ ದುಡ್ಡು ಕಳೆದು ಇನ್ನೊಂದಕ್ಕೆ ಸೇರಿಸೋ ಮಧ್ಯೆ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಎರಡೂ ಆಗಿರಬೇಕು, ಇಲ್ಲಾ ಎರಡೂ ಆಗಿರಬಾರದು. ಅದಕ್ಕೇ ಡೇಟಾಬೇಸ್ ಬದಲಾವಣೆಯನ್ನ ಮೊದಲು ಲಾಗ್‌ನಲ್ಲಿ ಬರೆದಿಟ್ಕೊಳ್ಳುತ್ತೆ. ಮತ್ತೆ ಎದ್ದಾಗ ಲಾಗ್ ಓದಿ, ಅರ್ಧಕ್ಕೆ ನಿಂತಿದ್ದನ್ನ ಅಳಿಸಿಹಾಕುತ್ತೆ.

ಸರಿ, ಈಗ ಕಳ್ಳರ ವಿಷಯ.

[ಪರದೆ: ಹೆಸರು = '' ಆರ್ 1=1 --]

ಹೆಸರಿನ ಜಾಗದಲ್ಲಿ ಒಬ್ಬ ಇದನ್ನ ಟೈಪ್ ಮಾಡ್ತಾನೆ: ಒಂದು ಸಿಂಗಲ್ ಕೋಟ್, ಆಮೇಲೆ ‘ಆರ್ 1=1’ (ಇಂಗ್ಲಿಷಿನ ‘ಆರ್’, ಅಂದ್ರೆ ‘ಅಥವಾ’), ಕೊನೇಲಿ ಎರಡು ಅಡ್ಡಗೆರೆ. ಸೈಟ್ ಬರೆದವರು ಟೈಪ್ ಆಗಿದ್ದನ್ನ ಹಾಗೇ ಪ್ರಶ್ನೆಗೆ ಅಂಟಿಸಿದ್ರೆ ಕಥೆ ಮುಗೀತು. ಕೋಟ್ ಕಂಡ ತಕ್ಷಣ ಹೆಸರು ಅಲ್ಲಿಗೇ ನಿಂತಿತು ಅಂತ ಡೇಟಾಬೇಸ್ ತಿಳ್ಕೊಳ್ಳುತ್ತೆ, ಉಳಿದಿದ್ದನ್ನ ಆಜ್ಞೆ ಅಂತ ಓದುತ್ತೆ. ಹೆಸರು ಖಾಲಿ ಇರಬೇಕು, ಅಥವಾ 1 ಒಂದಕ್ಕೆ ಸಮ ಇರಬೇಕು. ಎರಡನೇ ಷರತ್ತು ಪ್ರತಿ ಸಾಲಿಗೂ ನಿಜ! ಅಡ್ಡಗೆರೆ ಅಂದ್ರೆ ‘ಮುಂದಿನದು ಬರೀ ಟಿಪ್ಪಣಿ’ ಅಂತ, ಹಾಗಾಗಿ ಪಾಸ್‌ವರ್ಡ್ ಕೇಳೋ ಭಾಗವೇ ಹಾರಿಹೋಯ್ತು. ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. 1998ರಲ್ಲೇ ಇದರ ಬಗ್ಗೆ ಬಹಿರಂಗವಾಗಿ ಬರೆದಾಗಿತ್ತು. 2023ರಲ್ಲಿ ಮೂವ್‌ಇಟ್ ಅನ್ನೋ ಫೈಲ್ ಕಳಿಸೋ ಸಾಫ್ಟ್‌ವೇರ್‌ಗೆ ಕ್ಲಾಪ್ ಅನ್ನೋ ಸೈಬರ್ ಕಳ್ಳರ ಗ್ಯಾಂಗ್ ನುಗ್ಗಿದ್ದೂ ಇದೇ ಜಾತಿಯ ತೂತಿನಿಂದ.

ಕೋಟ್ ಚಿಹ್ನೆಯನ್ನೇ ನಿಷೇಧಿಸಿದ್ರಾಯ್ತಲ್ಲ ಅಂತೀರಾ? ಓ'ಬ್ರಯನ್ ಅನ್ನೋ ಹೆಸರಿನವರು ಏನು ಮಾಡ್ಬೇಕು? ಸರಿಯಾದ ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಪ್ರಶ್ನೆಯ ಚೌಕಟ್ಟು ಮೊದಲು ಹೋಗುತ್ತೆ, ಟೈಪ್ ಮಾಡಿದ್ದು ಬೇರೆಯಾಗಿ ಬರೀ ಮೌಲ್ಯವಾಗಿ ಹೋಗುತ್ತೆ. ಅದರಲ್ಲಿ ಏನೇ ಇದ್ರೂ ಆಜ್ಞೆ ಆಗೋಕೆ ಸಾಧ್ಯ ಇಲ್ಲ. ಜಾವಾ, ಪೈಥಾನ್, ಪಿಎಚ್‌ಪಿ ಎಲ್ಲದರಲ್ಲೂ ಇದಕ್ಕೆ ದಾರಿ ಇದೆ. ಇಷ್ಟಾದ್ಮೇಲೂ ಬಳಸದೆ ಇರೋದಕ್ಕೆ ನನ್ನ ಪ್ರಕಾರ ಸೋಮಾರಿತನ ಬಿಟ್ರೆ ಬೇರೆ ಕಾರಣ ಇಲ್ಲ.

[ಪರದೆ: 2017, ಈಕ್ವಿಫ್ಯಾಕ್ಸ್]

ಎರಡನೇ ಸಾಲಿನ ಕಾವಲು ಅನುಮತಿ. ಅಮೆರಿಕದ ಈಕ್ವಿಫ್ಯಾಕ್ಸ್ ಜನರ ಸಾಲದ ಇತಿಹಾಸ ಇಟ್ಕೊಳ್ಳೋ ಕಂಪನಿ. ಅವರು ವೆಬ್‌ಸೈಟ್‌ಗೆ ಬಳಸ್ತಿದ್ದ ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿದ್ದ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪ್ಯಾಚ್, ಅಂದ್ರೆ ತೂತು ಮುಚ್ಚೋ ಅಪ್‌ಡೇಟ್, ಬಂದಿತ್ತು. ಅದನ್ನ ಹಾಕದೆ ಉಳಿದ ಒಂದು ಸರ್ವರ್ ಮೂಲಕ ಮೇ ತಿಂಗಳಲ್ಲಿ ಕಳ್ಳರು ಒಳಗೆ ಬಂದ್ರು. ಆ ಸರ್ವರ್‌ಗೆ ಬೇಕಾಗಿದ್ದು ಕೆಲವೇ ಡೇಟಾಬೇಸ್. ಆದ್ರೆ ಒಳಗೆ ಯಾವ ಗೋಡೆಯೂ ಇರಲಿಲ್ಲ, ಮೇಲಾಗಿ ಬೇರೆ ಡೇಟಾಬೇಸ್‌ಗಳ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗದೆ, ಕಂಡವರು ಓದೋ ಹಾಗೆ ಬಿದ್ದಿದ್ದವು. ಸುಮಾರು 9,000 ಪ್ರಶ್ನೆ ಕೇಳಿದ್ರು, ಸುಮಾರು 14.7 ಕೋಟಿ ಜನರ ಮಾಹಿತಿ ಹೋಯ್ತು.

ನಿಮ್ಮ ಆ್ಯಪ್ ಡೇಟಾಬೇಸ್‌ಗೆ ಯಾವ ಖಾತೆಯಿಂದ ಲಾಗಿನ್ ಆಗುತ್ತೆ ಅಂತ ಒಮ್ಮೆ ವಿಚಾರಿಸಿ ನೋಡಿ. ಎಷ್ಟೋ ಕಡೆ ‘ರೂಟ್’ ಅನ್ನೋ ಉತ್ತರ ಬರುತ್ತೆ, ಅಂದ್ರೆ ಎಲ್ಲಾ ಅಧಿಕಾರವೂ ಇರೋ ಖಾತೆ. ವರದಿ ತೋರಿಸೋ ಪುಟಕ್ಕೆ ಓದೋ ಅನುಮತಿ ಸಾಕು, ಅಳಿಸೋ ಅನುಮತಿ ಯಾಕೆ? ದಿನಕ್ಕೆ ನೂರು ಸಾಲು ಓದೋ ಖಾತೆ ರಾತ್ರೋರಾತ್ರಿ ಲಕ್ಷ ಸಾಲು ಓದಿದ್ರೆ ಯಾರಿಗಾದ್ರೂ ಅಲರ್ಟ್ ಹೋಗಬೇಕು.

ಪಾಸ್‌ವರ್ಡ್ ವಿಷಯ ಬೇಗ ಹೇಳ್ತೀನಿ. 2009ರಲ್ಲಿ ರಾಕ್‌ಯು ಸೈಟ್‌ನಿಂದ 3.2 ಕೋಟಿ ಪಾಸ್‌ವರ್ಡ್ ಸೋರಿದಾಗ ಎಲ್ಲವೂ ಇದ್ದ ಹಾಗೇ ಓದೋಕೆ ಸಿಕ್ಕವು. ಅತಿ ಹೆಚ್ಚು ಜನ ಇಟ್ಟಿದ್ದು 123456, ಅದು ಬಿಡಿ. ಪಾಸ್‌ವರ್ಡನ್ನ ಎಂದೂ ಹಾಗೇ ಇಡಬಾರದು. ಪ್ರತಿಯೊಬ್ಬರಿಗೂ ಬೇರೆ ಸಾಲ್ಟ್, ಅಂದ್ರೆ ಅಡ್ಡಾದಿಡ್ಡಿ ಅಕ್ಷರಗಳ ಒಂದು ತುಣುಕು, ಸೇರಿಸಿ, ಬಿಕ್ರಿಪ್ಟ್ ಥರ ಬೇಕಂತಲೇ ನಿಧಾನ ಇರೋ ಹ್ಯಾಶ್ ಮಾಡಿ, ಅಂದ್ರೆ ವಾಪಸ್ ಬಿಡಿಸೋಕಾಗದ ಹಾಗೆ ಕಲಸಿ, ಇಡಬೇಕು.

[ಪರದೆ: ಬೀಗ ಬಿದ್ದ ಫೈಲ್‌ಗಳು]

ರ‍್ಯಾನ್ಸಮ್‌ವೇರ್, ಅಂದ್ರೆ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳೋ ಸಾಫ್ಟ್‌ವೇರ್, ಬಂದಾಗ ಕೈಹಿಡಿಯೋದು ಬ್ಯಾಕಪ್. ‘ನಮ್ಮಲ್ಲಿ ರೆಪ್ಲಿಕಾ ಇದೆಯಲ್ಲ’ ಅಂತಾರೆ. ರೆಪ್ಲಿಕಾ ಅಂದ್ರೆ ಮೂಲದ ಜೊತೆಗೇ ಬದಲಾಗ್ತಾ ಹೋಗೋ ಇನ್ನೊಂದು ಪ್ರತಿ, ಅದು ಬ್ಯಾಕಪ್ ಅಲ್ಲ ಕಣ್ರೀ! ಇಲ್ಲಿ ಒಂದು ಟೇಬಲ್ ಅಳಿಸಿದ್ರೆ ಮರುಕ್ಷಣ ಅಲ್ಲೂ ಅಳಿಸಿರುತ್ತೆ. ಒಂದು ಪ್ರತಿಯಾದ್ರೂ ನೆಟ್‌ವರ್ಕ್‌ನಿಂದ ಹೊರಗಿರಬೇಕು, ಯಾಕಂದ್ರೆ ಕಳ್ಳರು ಮೊದಲು ಹುಡುಕೋದೇ ಬ್ಯಾಕಪ್ ಸರ್ವರನ್ನ. ಇನ್ನೊಂದು ಕೆಲಸ ಇದೆ, ಬಹಳ ಜನ ಮಾಡದೇ ಬಿಡೋದು: ಆ ಪ್ರತಿಯನ್ನ ಬೇರೆ ಮೆಷಿನ್‌ನಲ್ಲಿ ನಿಜವಾಗಿ ರೀಸ್ಟೋರ್ ಮಾಡಿ, ನಿನ್ನೆಯ ಕೊನೇ ಎಂಟ್ರಿ ಅದರಲ್ಲಿದೆಯಾ ಅಂತ ಹುಡುಕಿ, ಎಷ್ಟು ಹೊತ್ತು ಹಿಡೀತು ಅಂತ ಬರೆದಿಟ್ಕೊಳ್ಳೋದು.