ಬ್ಯಾಸ್ಕರ್‌ವಿಲ್: ಒಂದು ಫಾಂಟ್‌ಗಾಗಿ ಕಾಗದ, ಮಸಿ ಎಲ್ಲ ಬದಲಾದ ಕಥೆ

[ತೆರೆಯ ತುಂಬ ಇಂಗ್ಲಿಷಿನ ಸಣ್ಣ ‘ಜಿ’]

ನಮಸ್ಕಾರ. ಈ ‘ಜಿ’ ಅಕ್ಷರದ ಕೆಳಗಿನ ಸುತ್ತು ನೋಡಿ. ಪೂರ್ತಿ ಮುಚ್ಚಿಲ್ಲ, ಸ್ವಲ್ಪ ತೆರೆದೇ ಇದೆ ಅಲ್ವಾ? ಯಾವುದಾದರೂ ಇಂಗ್ಲಿಷ್ ಪುಸ್ತಕದಲ್ಲಿ ಇಂಥ ‘ಜಿ’ ಕಂಡರೆ, ಅದು ಬ್ಯಾಸ್ಕರ್‌ವಿಲ್ ಫಾಂಟ್ ಆಗಿರುವ ಸಾಧ್ಯತೆ ಜಾಸ್ತಿ. ದೊಡ್ಡ ‘ಕ್ಯೂ’ ಅಕ್ಷರದ ಬಾಲವನ್ನೂ ನೋಡಿ, ಎಷ್ಟು ಧಾರಾಳವಾಗಿ ಬೀಸಿದೆ! ಇದು ಕೈಬರಹ ಚೆನ್ನಾಗಿ ಬಲ್ಲವನ ಕೆಲಸ.

[ಬರ್ಮಿಂಗ್‌ಹ್ಯಾಮ್‌ನ ಹಳೆಯ ಚಿತ್ರ]

ಜಾನ್ ಬ್ಯಾಸ್ಕರ್‌ವಿಲ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರು. ಮೊದಲು ಮಕ್ಕಳಿಗೆ ಬರವಣಿಗೆ ಕಲಿಸುತ್ತಿದ್ದರು, ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದರು. ಆಮೇಲೆ ತಟ್ಟೆ, ಪೆಟ್ಟಿಗೆಗಳಿಗೆ ಮೆರುಗು ಬಳಿಯುವ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದರು. ಆ ದುಡ್ಡನ್ನು ಅಚ್ಚಿನ ಕೆಲಸಕ್ಕೆ ಸುರಿದರು.

[ಎರಡು ‘ಒ’ ಅಕ್ಕಪಕ್ಕ: ಕ್ಯಾಸ್ಲನ್, ಬ್ಯಾಸ್ಕರ್‌ವಿಲ್]

ಆಗ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯಾಸ್ಲನ್ ಎಂಬವರು ರೂಪಿಸಿದ ಅಕ್ಷರಗಳದ್ದೇ ಮೇಲುಗೈ. ಅದರ ‘ಒ’ದಲ್ಲಿ ತೆಳು ಭಾಗ ಓರೆಯಾಗಿದೆ. ಬ್ಯಾಸ್ಕರ್‌ವಿಲ್ ‘ಒ’ದಲ್ಲಿ ಅದು ಹೆಚ್ಚುಕಡಿಮೆ ನೇರ ಮೇಲೆ, ನೇರ ಕೆಳಗೆ ಬರುತ್ತದೆ. ದಪ್ಪ ಗೆರೆಗೂ ತೆಳು ಗೆರೆಗೂ ವ್ಯತ್ಯಾಸ ಹೆಚ್ಚು. ಗೆರೆಯ ತುದಿಯ ಪುಟ್ಟ ಚಾಚು ಇದೆಯಲ್ಲ, ಸೆರಿಫ್, ಅದೂ ಚೂಪಾಗಿದೆ.

ಆದರೆ ಇಷ್ಟು ತೆಳು ಗೆರೆ ಆಗಿನ ಒರಟು ಕಾಗದದ ಮೇಲೆ ಸರಿಯಾಗಿ ಮೂಡುತ್ತಿರಲಿಲ್ಲ. ಹಾಗಾಗಿ ಇನ್ನಷ್ಟು ಕಪ್ಪಾದ ಮಸಿ ಮಾಡಿಕೊಂಡರು. ನಯವಾದ ಹೊಸ ಬಗೆಯ ಕಾಗದ ಬಳಸಿದರು. ಅಚ್ಚಾದ ಹಾಳೆಗಳನ್ನು ಕಾದ ತಾಮ್ರದ ತಗಡುಗಳ ನಡುವೆ ಒತ್ತಿದರು, ನಮ್ಮ ಇಸ್ತ್ರಿಯ ಹಾಗೆ. 1757ರಲ್ಲಿ ರೋಮಿನ ಕವಿ ವರ್ಜಿಲ್‌ನ ಕಾವ್ಯ ಹೀಗೆ ಹೊರಬಂತು. ಜಾನ್ ಹ್ಯಾಂಡಿ ಅಚ್ಚಿನ ಮೊಳೆಗಳಿಗಾಗಿ ಉಕ್ಕಿನಲ್ಲಿ ಈ ಅಕ್ಷರಗಳನ್ನು ಕೆತ್ತಿದವರು. ಅವರ ಹೆಸರನ್ನೂ ಹೇಳಲೇಬೇಕು.

ಎಲ್ಲರೂ ಮೆಚ್ಚಲಿಲ್ಲ. ಈ ತೆಳು ಗೆರೆಗಳಿಂದ ದೇಶದ ಓದುಗರೆಲ್ಲ ಕುರುಡಾಗುತ್ತಾರೆ ಅಂತ ಒಬ್ಬರು ದೂರಿದರು. ಕೇಳಿಸಿಕೊಂಡವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಅವರೂ ಮುದ್ರಕರೇ. ಕ್ಯಾಸ್ಲನ್ ಅಕ್ಷರಗಳ ಮಾದರಿ ಹಾಳೆಯ ಮೇಲ್ಭಾಗ ಹರಿದು, ‘ಇದು ಬ್ಯಾಸ್ಕರ್‌ವಿಲ್’ ಅಂತ ಕೊಟ್ಟರು. ಆ ಮನುಷ್ಯ ಅದರಲ್ಲೇ ಸಾಲು ಸಾಲು ತಪ್ಪು ತೋರಿಸಿದರು! 1760ರಲ್ಲಿ ಫ್ರಾಂಕ್ಲಿನ್ ಇದನ್ನು ಬ್ಯಾಸ್ಕರ್‌ವಿಲ್‌ಗೇ ಪತ್ರ ಬರೆದು ತಿಳಿಸಿದರು.

[ಫ್ರಾನ್ಸ್ ನಕಾಶೆ]

ಬ್ಯಾಸ್ಕರ್‌ವಿಲ್ 1775ರಲ್ಲಿ ತೀರಿಕೊಂಡರು. ಅವರ ಹೆಂಡತಿ ಸಾರಾ ಅಕ್ಷರದ ಸಾಮಗ್ರಿಯನ್ನು ಫ್ರೆಂಚ್ ನಾಟಕಕಾರ ಬೊಮಾರ್ಶೆಗೆ ಮಾರಿದರು. ಫ್ರೆಂಚ್ ಲೇಖಕ ವೊಲ್ಟೇರ್ ಕೃತಿಗಳು ಇದರಲ್ಲೇ ಅಚ್ಚಾದವು. ಉಕ್ಕಿನ ಮೂಲ ಅಚ್ಚುಗಳು ಇಂಗ್ಲೆಂಡಿಗೆ, ಕೇಂಬ್ರಿಡ್ಜ್‌ಗೆ ಮರಳಿದ್ದು 1953ರಲ್ಲಿ.

[ಕಂಪ್ಯೂಟರ್‌ನ ಫಾಂಟ್ ಪಟ್ಟಿ]

ಈಗ ಬಳಕೆಯ ವಿಷಯ. ಇಂಗ್ಲಿಷ್ ಕಾದಂಬರಿ, ಕವನ ಸಂಕಲನಗಳಿಗೆ ಇದು ಬಹಳ ಚೆನ್ನ. ಕೆನಡಾ ಸರ್ಕಾರದ ‘ಕೆನಡಾ’ ಲಾಂಛನದ ಅಕ್ಷರಗಳೂ ಬ್ಯಾಸ್ಕರ್‌ವಿಲ್‌ನಿಂದಲೇ ಬಂದವು. ಆದರೆ ಹೆಸರು ನೋಡಿ ಸುಮ್ನೆ ಆರಿಸಬೇಡಿ. ವರ್ಡ್ ಜೊತೆ ಬರುವ ಬ್ಯಾಸ್ಕರ್‌ವಿಲ್ ಓಲ್ಡ್ ಫೇಸ್ ಶೀರ್ಷಿಕೆಗೆ ಸರಿ. ಸಣ್ಣ ಸೈಜಿನಲ್ಲಿ ಅದರ ತೆಳು ಗೆರೆಗಳು ಮಾಯವಾಗುತ್ತವೆ. ಮೊಬೈಲ್, ವೆಬ್‌ನಲ್ಲಿ ಓದುವ ಬರಹಕ್ಕೆ ಲಿಬ್ರೆ ಬ್ಯಾಸ್ಕರ್‌ವಿಲ್ ಹಾಕಿ. ಅದರ ಸಣ್ಣಕ್ಷರಗಳು ಎತ್ತರವಾಗಿವೆ, ತೆರೆಗೆಂದೇ ತಿದ್ದಿದ್ದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಗಲ ಸ್ವಲ್ಪ ಜಾಸ್ತಿ, ಹಾಗಾಗಿ ಪುಸ್ತಕಕ್ಕೆ ಬಳಸುವುದಾದರೆ ಪುಟಗಳ ಲೆಕ್ಕ ಮೊದಲೇ ಹಾಕಿಕೊಳ್ಳಿ.